ತಪ್ಪು ಉತ್ತರದ ಫಕೀರವ್ವ

ನನ್ನ ಎರಡೂ ಕಣ್ಣಾಣೆ, ಇದರಲ್ಲಿ ಒಂದು ಮಾತನ್ನೂ ನಾನು ಹೊಸೆದು ಸೇರಿಸಿಲ್ಲ. ಸೇರಿಸಲು ಫಕೀರವ್ವನ ಸಿಟ್ಟು ಜಾಗವನ್ನೇ ಬಿಟ್ಟಿರಲಿಲ್ಲ. ಆಕೆ ಸಿಟ್ಟಿನಿಂದ ಒಮ್ಮೆ ನೋಡಿದರೆ ಅಂಗಳದಲ್ಲಿ ಹರವಿದ ಹಸಿ ಮೆಣಸಿನಕಾಯಿ ಮಧ್ಯಾಹ್ನದೊಳಗೆ ಕೆಂಪಾಗುತ್ತಿತ್ತು. ಆಕೆ ಕೆಲಸ ಮಾಡುತ್ತಿದ್ದ ಖಾರದಪುಡಿ ಕಾರ್ಖಾನೆಯಲ್ಲಿ ಚೀಲ ಹೊರುತ್ತಿದ್ದವನು ನಾನು. ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ.

ಮೆಣಸಿನಕಾಯಿ ಬೀಸುವ ಕೋಣೆಗೆ ನಾವು ಗಿರಣಿ ಖೋಲಿ ಎನ್ನುತ್ತಿದ್ದೆವು; ಫಕೀರವ್ವ ಅದಕ್ಕೆ ಹಿರಿಯಳು. ಗಿರಣಿಯ ಬಾಯಲ್ಲಿ ಕಾಯಿ ಸಿಕ್ಕಿಕೊಂಡಾಗ ಹೆಂಗಸರು ಕೈಹಾಕಿ ತೆಗೆಯಬೇಕಿತ್ತು. "ಮೊದ್ಲ ಬಂದ್ ಮಾಡ್ರೇ!" ಎಂದು ಆಕೆ ಕೂಗುತ್ತಿದ್ದಳು. ಯಂತ್ರ ನಿಂತ ಮೇಲೆಯೇ ಕೈ ಒಳಗೆ ಹೋಗುತ್ತಿತ್ತು. ಅಲ್ಲಿನ ಹೆಂಗಸರ ಬೆರಳುಗಳೆಲ್ಲ ಉಳಿದದ್ದು ಆ ಒಂದು ಕೂಗಿನಿಂದ. ಕಾರ್ಖಾನೆಯ ಒಡೆಯರಾದ ಸಾಹುಕಾರರಿಗೆ ಮಾತ್ರ ಅದು ಸೇರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, "ಗಿರಣಿ ನಿಂತ್ರ ನನ್ನ ಎದೀನ ನಿಂತಂಗ ಆಗ್ತೈತಿ" ಎನ್ನುತ್ತಿದ್ದರು.

ಕೆಲಸಗಾರರಿಗೆ ಸುರಕ್ಷತೆಯ ಪಾಠ ಆಗಲೇಬೇಕೆಂದು ಸರ್ಕಾರದಿಂದ ಆಜ್ಞೆ ಬಂತು. ಹಾಗಾಗಿ ಆ ಪಾಠ ಹೇಳಲು ಪ್ರಹ್ಲಾದ ಮಾಸ್ತರರು ಕಂಪ್ಯೂಟರು ಹಿಡಿದುಕೊಂಡು ಬಂದರು. ಪಾಠವನ್ನು ಆಟವಾಗಿಸುವ ಸಾಫ್ಟ್‌ವೇರ್ ಅವರ ಬಳಿ ಇತ್ತು. ಒಂದು ಚಿತ್ರ ಇಡುವುದು, ಪಕ್ಕದಲ್ಲಿ ಗುಂಡಿ ಇಡುವುದು, ಈ ಗುಂಡಿ ಒತ್ತಿದರೆ ಇದು ಕಾಣಲಿ, ಇದು ಕೇಳಲಿ ಎಂದು ಗಂಟು ಹಾಕುವುದು. ಆಟ ನಮ್ಮದೇ ಅನ್ನಿಸಲಿ ಎಂದು ಅವರು ನಮ್ಮವರದೇ ಫೋಟೋ ತೆಗೆದರು. ಸರಿ ಉತ್ತರ ಒತ್ತಿದರೆ ಸಾಹುಕಾರರ ನಗುಮುಖ ಬಂದು ಚಪ್ಪಾಳೆ ಕೇಳಿಸುತ್ತಿತ್ತು. ತಪ್ಪು ಉತ್ತರಕ್ಕೆ ಫಕೀರವ್ವ. ಖಾರದ ಘಾಟಿಗೆ ಸೀನುವ ಹೊತ್ತಿನಲ್ಲಿ ತೆಗೆದ ಫೋಟೋ ಅದು. ಕಣ್ಣು ಮುಚ್ಚಿ, ಮೂಗು ಮೇಲೇರಿ, ಬಾಯಿ ಲಾರಿ ಹಾಯುವಷ್ಟು ತೆರೆದಿತ್ತು. ಆ ತಲೆ ಅತ್ತಿತ್ತ ಅಲ್ಲಾಡಿ "ಟುಂಯ್!" ಎನ್ನುತ್ತಿತ್ತು.

ಹೆಂಗಸರು ಬಿದ್ದು ಬಿದ್ದು ನಕ್ಕರು. ಸರಿ ಉತ್ತರ ಗೊತ್ತಿದ್ದವರೂ ಬೇಕೆಂದೇ ತಪ್ಪು ಒತ್ತಿದರು. ನಾನೂ ಒತ್ತಿದೆ, ಸುಳ್ಳೇಕೆ ಹೇಳಲಿ? ಆ ನಗು ಕಂಪ್ಯೂಟರಿನೊಳಗೆ ಉಳಿಯಲಿಲ್ಲ, ಖೋಲಿಗೆ ಬಂತು. ಫಕೀರವ್ವ "ಬಂದ್ ಮಾಡ್ರೇ!" ಎಂದರೆ ಹಿಂದಿನಿಂದ ಯಾರೋ "ಟುಂಯ್!" ಎನ್ನುತ್ತಿದ್ದರು. ಇಷ್ಟು ವರ್ಷ ಕಬ್ಬಿಣದ ಹಾಗಿದ್ದ ಆಕೆಯ ಮಾತು ಬರೀ ಸೀನಾಗಿಬಿಟ್ಟಿತು.

ಒಂದು ದಿನ ಗಿರಣಿಗೆ ಕಾಯಿ ಸಿಕ್ಕಿಕೊಂಡಿತು. "ಕಸ್ತೂರಿ, ಮೊದ್ಲ ಬಂದ್ ಮಾಡು!" ಎಂದು ಫಕೀರವ್ವ ಚೀರಿದಳು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಸ್ತೂರಿ "ಟುಂಯ್" ಎಂದು ನಗುತ್ತಲೇ ಕೈ ಒಳಗಿಟ್ಟಳು. ಬಳೆ ಸಿಕ್ಕಿಕೊಂಡಿತು. ಫಕೀರವ್ವ ನನ್ನನ್ನೂ ನನ್ನ ಬೆನ್ನ ಮೇಲಿನ ಚೀಲವನ್ನೂ ಒಟ್ಟಿಗೆ ಹಾರಿ ದಾಟಿ ಸ್ವಿಚ್ಚಿಗೆ ಬಡಿದಳು. ಕಸ್ತೂರಿಯ ಬೆರಳು ಉಳಿದವು. ಬಳೆ ಖಾರದಲ್ಲಿ ಪುಡಿಯಾಗಿ ಹೋಯಿತು.

ಫಕೀರವ್ವ ಕಸ್ತೂರಿಗೆ ಬೈಯಲಿಲ್ಲ. ನಮಗೆಲ್ಲ ಹೆದರಿಕೆಯಾದದ್ದು ಆಗಲೇ. ಕೆಂಪು ಮೆತ್ತಿದ ಕೈಗಳಲ್ಲೇ ಆಕೆ ಮಾಸ್ತರರ ಕೋಣೆಗೆ ನಡೆದಳು. ಚೀಲ ಇಳಿಸುವುದನ್ನೂ ಮರೆತು ನಾನು ಹಿಂದೆ ಓಡಿದೆ.

"ಮಾಸ್ತರ, ನನ್ನ ಮಾರಿ ಕೊಡ್ರಿ."

"ಏನಂದ್ಯವಾ?"

"ನನ್ನ ಮಾರಿ. ಸೀನೂ ಮುಖ ಆ ಡಬ್ಬಿಯೊಳಗ ಇಟ್ಕೊಂಡೀರಲ್ಲ, ಅದು."

"ಅಯ್ಯ, ಅದು ಸುಮ್ನ ನಗಸಾಕ ಹಾಕಿದ್ದು, ಫಕೀರವ್ವ. ನಕ್ಕೋತ ಕಲ್ತ್ರ ಚೊಲೋ ಕಲೀತಾರ ಅಂತ…"

"ಕಸ್ತೂರಿ ಈಗ ನಕ್ಕೋತನ ಗಿರಣ್ಯಾಗ ಕೈ ಹಾಕ್ಯಾಳ. ಹೋಗ್ರಿ, ಏನು ಕಲ್ತಿ ಅಂತ ಕೇಳಿ ಬರ್ರಿ."

ಮಾಸ್ತರರ ಮುಖ ಸುಣ್ಣದ ಗೋಡೆಯಾಯಿತು. ಫೋಟೋ ಅಳಿಸಲು ಅವರ ಕೈ ಹೋಯಿತು.

"ನಿಂದರ್ರಿ!" ಎಂದಳು ಫಕೀರವ್ವ. "ಅದನ್ನ ತಗದ್ರ ತಪ್ಪು ಮಾಡಿದವ್ರಿಗೆ ಹೇಳವ್ರು ಯಾರು? ಮಾರಿ ಅಲ್ಲೇ ಇರ್ಲಿ. ಹೆಂಗೂ ಬಾಯಿ ತೆರದೈತಿ, ಅದಕ್ಕ ಮಾತು ಕೊಡ್ರಿ."

"ನಿನ್ನ ದನಿ ಹಾಕಬಹುದು…"

"ನಡುವ ಎದ್ದು ಹೋದ್ರ?"

"ಮಾತು ಮುಗಿಯೂತನಕ 'ಮುಂದೆ' ಅನ್ನೂ ಗುಂಡಿ ಕಾಣಲಾರದಂಗ ಗಂಟು ಹಾಕಬಹುದು."

"ಹಾಕ್ರಿ."

ಆಕೆ ಮೈಕಿನ ಮುಂದೆ ಕೂತಳು. ಊಟದ ಹೊತ್ತಿಗೆ ಶುರುವಾದದ್ದು ದೀಪ ಹಚ್ಚುವವರೆಗೆ ನಡೆಯಿತು. ತಗಡಿನ ಮೇಲಿದ್ದ ಪಾರಿವಾಳಗಳು ಸಂಸಾರ ಸಮೇತ ಬೇರೆ ಊರಿಗೆ ಹೋದವು. "ಇಷ್ಟು ಸಾಕಲ್ಲವಾ?" ಎಂದು ಮಾಸ್ತರರು ಮೆಲ್ಲಗೆ ಕೇಳಿದಾಗ, "ಇನ್ನಾ ಪೀಠಿಕಿ ನಡದೈತಿ" ಎಂದಳು.

ಆಟ ನೋಡಲು ಸಾಹುಕಾರರೇ ಬಂದರು. ನಾವೆಲ್ಲ ಹಿಂದೆ ನಿಂತೆವು. ಪರದೆಯ ಮೇಲೆ ಮೊದಲ ಪ್ರಶ್ನೆ ಮೂಡಿತು: ಓಡುವ ಗಿರಣಿಯಲ್ಲಿ ಕಾಯಿ ಸಿಕ್ಕಿಕೊಂಡಿದೆ, ಹೊರಗೆ ಲಾರಿ ಕಾಯುತ್ತಿದೆ, ಏನು ಮಾಡುವಿರಿ? ಯಂತ್ರ ನಿಲ್ಲಿಸಿ ತೆಗೆಯುವುದು ಒಂದು ಗುಂಡಿ, ಓಡುವಾಗಲೇ ತೆಗೆಯುವುದು ಇನ್ನೊಂದು.

"ಇದೇನು ಕೇಳೂ ಮಾತೇನು?" ಎಂದು ಸಾಹುಕಾರರು ಎರಡನೆಯದನ್ನು ಒತ್ತಿದರು.

ಬಾಯಿ ತೆರೆದ ಫಕೀರವ್ವ ಪರದೆಯ ತುಂಬ ಬಂದಳು.

"ಕಣ್ಣೇನು ಒಲಿಯೊಳಗ ಹಾಕಿ ಬಂದಿಯೇನು? ಬೆರಳು ಏನ್ ಸಂತ್ಯಾಗ ಸಿಗ್ತಾವೇನು? ಲಾರಿ ಇವತ್ತ ನಿಂತ್ರ ನಾಳಿ ಹೋಗ್ತೈತಿ. ಹ್ವಾದ ಬೆರಳು ಯಾವ ನಾಳಿಗೆ ಬರ್ತೈತಿ? ಈ ಕೈಲೆ ರೊಟ್ಟಿ ಬಡೀಬೇಕು, ಕೂಸಿನ ತಲಿ ಬಾಚಬೇಕು. ನಿನ್ನ ಗಿರಣಿ ಬಂದು ಬಾಚತೈತೇನು?"

ಸಾಹುಕಾರರ ಕೈ 'ಮುಂದೆ' ಗುಂಡಿಯನ್ನು ಹುಡುಕಿತು. ಇರಲಿಲ್ಲ. ಬೈಗುಳ ಅವರ ಬುದ್ಧಿಯಿಂದ ಅವರ ಎದೆಗೆ, ಎದೆಯಿಂದ ಅದರೊಳಗೆ ಇಲ್ಲದ ಕರುಣೆಗೆ ಇಳಿಯಿತು. ಕಂಪ್ಯೂಟರಿನಿಂದ ಖಾರದ ಘಾಟು ಎದ್ದು ನಾವೆಲ್ಲ ಕೆಮ್ಮಿದೆವು.

"ಮಾಸ್ತರ, ಬಂದ್ ಮಾಡ್ರಿ ಇದನ್ನ!" ಎಂದು ಸಾಹುಕಾರರು ಗುಡುಗಿದರು.

ಮಾಸ್ತರರು ಅಲ್ಲಾಡಲಿಲ್ಲ. ಹಿಂದೆ ನಿಂತಿದ್ದ ಫಕೀರವ್ವ ತಣ್ಣಗೆ ಹೇಳಿದಳು: "ನಡುವ ಬಂದ್ ಮಾಡೂ ಪದ್ಧತಿ ನಿಮ್ಮ ಕಾರ್ಖಾನ್ಯಾಗ ಇಲ್ಲಲ್ಲರಿ, ಸಾವ್ಕಾರ್ರ."

ಯಾರೂ ನಗಲಿಲ್ಲ. ಸಾಹುಕಾರರು ಕೊನೆಯ ಮಾತಿನವರೆಗೂ ಕೂತು ಕೇಳಿದರು. ಎದ್ದಾಗ ಮೀಸೆ ಜೋತುಬಿದ್ದು ಅಂಗಿಯ ಗುಂಡಿಗೆ ತಾಗುತ್ತಿತ್ತು.

ಮರುದಿನ ಕಾಯಿ ಮತ್ತೆ ಸಿಕ್ಕಿಕೊಂಡಿತು. "ಬಂದ್ ಮಾಡ್ರೇ!" ಎಂದಳು ಫಕೀರವ್ವ. ಕಸ್ತೂರಿಯೇ ಓಡಿ ಸ್ವಿಚ್ಚು ಒತ್ತಿದಳು. ಬಾಗಿಲಲ್ಲಿದ್ದ ಸಾಹುಕಾರರು ಬಾಯಿ ತೆರೆದರು, ಫಕೀರವ್ವನ ಕಡೆ ನೋಡಿದರು, ಮುಚ್ಚಿದರು. ಗಿರಣಿ ನಿಂತೇ ಇತ್ತು.

ಈಗ ಫಕೀರವ್ವ ಮಾಸ್ತರರ ಜೊತೆ ಕೂತು ಇನ್ನೊಂದು ಆಟ ಮಾಡಲು ಹಿಡಿದಿದ್ದಾಳೆ. ನಾನು ಕಂಡದ್ದನ್ನು ಕಂಡಹಾಗೆ ಹೇಳಿದರೂ ನಂಬದೆ ಒಳಗೊಳಗೇ ನಗುವವರಿಗಾಗಿ ಅದು. ಬೈಗುಳ ಪೂರ್ತಿ ತಯಾರಿದೆ. ನಡುವೆ ಸೇರಿಸಲು ಒಂದು ಹೆಸರು ಬೇಕಂತೆ. ಎಲ್ಲಿ, ನಿಮ್ಮ ಹೆಸರು ಹೇಳಿ ನೋಡೋಣ. ಅಪ್ಪನ ಹೆಸರೂ ಸೇರಿಸಿ.