ಸೊಸೆಯ ಕಾರಿಗೆ ಹೊಸ ಬ್ರೇಕು

ಕಾರಿನ ಹಿಂದಿನ ಚಕ್ರಗಳಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬರತೊಡಗಿ ವಾರವಾಗಿತ್ತು. ಸೊಸೆಗೆ ಬೇರೊಂದು ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಅದೇ ಕಾರಿನಲ್ಲಿ ಹೊರಡುವವಳಿದ್ದಳು.

"ಆ ಬ್ರೇಕಿಟ್ಕೊಂಡು ನೀನು ಬೀದಿ ದಾಟೋ ಹಾಗಿಲ್ಲ," ಎಂದು ಅತ್ತೆ ಕಡ್ಡಿ ಮುರಿದಂತೆ ಹೇಳಿದಳು. "ಹೊಸ ಬ್ರೇಕ್ ಪ್ಯಾಡು ಡಿಕ್ಕೀಲೇ ಬಿದ್ದಿದೆ. ನಾವೇ ಹಾಕೋಣ."

ಆ ಪ್ಯಾಡುಗಳನ್ನು ತಂದವನು ಮಗ. ಭಾನುವಾರ ಹಾಕಿದರಾಯಿತು ಎಂದು ಡಬ್ಬಿಯನ್ನು ಡಿಕ್ಕಿಗೆ ಎಸೆದಿದ್ದ. ಭಾನುವಾರ ಬರುವಷ್ಟರಲ್ಲಿ ಜ್ವರ ಹಿಡಿದು ಆಸ್ಪತ್ರೆ ಸೇರಿದ. ಜ್ವರ ಮೆದುಳಿಗೇರಿದೆ ಎಂದರು ಡಾಕ್ಟರು. ನಡೆದುಕೊಂಡು ಹೋದವನನ್ನು ಹೊತ್ತುಕೊಂಡು ತಂದರು. ಅದಾಗಿ ವರ್ಷದ ಮೇಲಾಗಿತ್ತು. ಆಮೇಲೆ ಕಾರು ಓಡಿದ್ದೂ ಅಷ್ಟಕ್ಕಷ್ಟೇ.

ಅತ್ತೆ ಬಟ್ಟೆ ಹೊಲಿದು ಬದುಕಿದವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಆದರೆ ಮಗ ಕಾರಿನ ಕೆಲಸಕ್ಕೆ ಕೂತಾಗಲೆಲ್ಲ ಪಕ್ಕದಲ್ಲಿ ಟಾರ್ಚು ಹಿಡಿದು ಕೂರುತ್ತಿದ್ದವಳೂ ಅವಳೇ. ಯಾವ ಬೋಲ್ಟು ಮೊದಲು, ಯಾವುದು ಆಮೇಲೆ ಎಂಬುದೆಲ್ಲ ಕಣ್ಣಿಗೆ ಕಟ್ಟಿದಂತಿತ್ತು.

ಬೆಳಗಿನ ಕಾಫಿ ಮುಗಿಸಿ ಇಬ್ಬರೂ ಅಂಗಳಕ್ಕಿಳಿದರು. ಮುಂದಿನ ಚಕ್ರಗಳಿಗೆ ಇಟ್ಟಿಗೆ ಒತ್ತಿಟ್ಟು, ಜಾಕಿ ಏರಿಸುವ ಮೊದಲೇ ಹಿಂದಿನ ಚಕ್ರದ ನಟ್ಟುಗಳನ್ನು ಸಡಿಲಿಸಿದರು. ಒಂದು ನಟ್ಟು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಸ್ಪ್ಯಾನರಿನ ಮೇಲೇ ಹತ್ತಿ ನಿಂತಳು.

"ಅತ್ತೆ, ಬಿದ್ದೀರಿ!"

"ಮೂವತ್ತು ವರ್ಷ ಮಿಷನ್ ತುಳಿದ ಕಾಲಮ್ಮ ಇದು," ಎನ್ನುವಷ್ಟರಲ್ಲಿ ನಟ್ಟು ಕಿರುಗುಟ್ಟಿ ಜಗ್ಗಿತು. ಇಬ್ಬರಿಗೂ ನಗು ಬಂತು. ಆ ಅಂಗಳದಲ್ಲಿ ಇಬ್ಬರೂ ಒಟ್ಟಿಗೆ ನಕ್ಕು ಎಷ್ಟೋ ಕಾಲವಾಗಿತ್ತು.

ಜಾಕಿ ಏರಿಸಿ ಚಕ್ರ ಕಳಚಿ, ಬ್ರೇಕಿನ ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರು ಬಿಚ್ಚಿ, ಅದರ ಪೈಪು ಜಗ್ಗದಂತೆ ಬಟ್ಟೆಯ ಪಟ್ಟಿಯಿಂದ ಮೇಲಕ್ಕೆ ಕಟ್ಟಿದರು. ಹಳೆಯ ಪ್ಯಾಡು ತಗಡಿನಷ್ಟು ಸವೆದಿತ್ತು. ಹೊಸದು ದಪ್ಪ. ಅದು ಕೂರಬೇಕಾದರೆ ಪ್ಯಾಡನ್ನು ತಳ್ಳುತ್ತ ಹೊರಗೆ ಬಂದಿದ್ದ ಪಿಸ್ಟನ್ನು ಒಳಗೆ ಸರಿಯಬೇಕು. ಸೊಸೆ ಬಲವೆಲ್ಲ ಹಾಕಿ ಒತ್ತಿದಳು, ಅಲ್ಲಾಡಲಿಲ್ಲ.

"ಬರೀ ಒತ್ತಿದ್ರೆ ಹೋಗಲ್ಲ. ಒತ್ಕೊಂಡೇ ಬಲಕ್ಕೆ ತಿರುಗಿಸ್ಬೇಕು, ಸ್ಕ್ರೂ ಥರ. ಅವನು ಹಾಗೇ ಮಾಡ್ತಿದ್ದ," ಎಂದು ಅತ್ತೆ ಇಕ್ಕಳ ತೆಗೆದುಕೊಂಡಳು.

"ಅತ್ತೆ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು."

"ಇದನ್ನ ಗಟ್ಟಿಯಾಗಿ ಹಿಡ್ಕೋ, ಹೇಳು."

"ಆ ಊರಲ್ಲಿ ಒಬ್ರಿದಾರೆ. ನನ್ನ ಜೊತೆ ಓದಿದವರು. ಮದುವೆ ಆಗೋಣ ಅಂತ ಕೇಳಿದ್ರು. ನಾನು... ಹೂಂ ಅಂದೆ."

ಇಕ್ಕಳ ಜಾರಿ ಅತ್ತೆಯ ಬೆರಳಿನ ಚರ್ಮ ಸುಲಿಯಿತು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡಳು.

"ಕೆಲಸ ಅಂತ ಹೇಳಿ ನನ್ನ ಕಿವಿ ಮೇಲೆ ಹೂ ಇಟ್ಯಲ್ಲ."

"ಕೆಲಸಾನೂ ನಿಜ ಅತ್ತೆ, ಇದೂ ನಿಜ."

"ಅವನ ಅಂಗಿ ಇನ್ನೂ ಬೀರುವಲ್ಲೇ ನೇತಾಡ್ತಿದೆ ಕಣೇ!"

ಮಾತು ಹೊರಬಿದ್ದ ಮೇಲೆ ಹಿಂದಕ್ಕೆಳೆದುಕೊಳ್ಳಲು ಬರಲಿಲ್ಲ. ಸೊಸೆ ಕೈಯ ಗ್ರೀಸು ಕೆನ್ನೆಗೆ ಹತ್ತುವುದನ್ನೂ ಲೆಕ್ಕಿಸದೆ ಕಣ್ಣೊರೆಸಿಕೊಂಡಳು. "ನಿದ್ದೆಗಣ್ಣಲ್ಲಿ ಈಗಲೂ ಪಕ್ಕ ತಡವ್ತೀನಿ. ಅಲ್ಲಿ ಯಾರೂ ಇರಲ್ಲ. ಎಷ್ಟು ವರ್ಷ ಹೀಗೇ ತಡವ್ತಾ ಇರ್ಲಿ, ನೀವೇ ಹೇಳಿ."

ಅತ್ತೆಯ ಗಂಡ ತೀರಿಹೋದಾಗ ಅವಳಿಗೆ ಈ ಸೊಸೆಯಷ್ಟೂ ವಯಸ್ಸಾಗಿರಲಿಲ್ಲ, ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಿದ್ದರೆ ತಾನೂ ಹೂಂ ಎನ್ನುತ್ತಿದ್ದೆನೋ ಏನೋ ಎಂದು ಈಗ ಮೊದಲ ಸಲ ಅನ್ನಿಸಿತು. ಅನ್ನಿಸಿದ್ದೇ ದುಃಖವಾಯಿತು. ಅದು ಮಗನಿಗಾಗಿಯೋ ತನಗಾಗಿಯೋ ಅವಳಿಗೇ ತಿಳಿಯಲಿಲ್ಲ.

"ಒಳ್ಳೆಯವನಾ?" ಎಂದು ಇಕ್ಕಳವನ್ನು ಸೊಸೆಯ ಕೈಗಿಡುತ್ತ ಕೇಳಿದಳು.

"ಒಳ್ಳೆಯವರು."

"ಸರಿ. ಒತ್ಕೊಂಡು ತಿರುಗಿಸು. ನನ್ನ ಬೆರಳು ಉರೀತಿದೆ."

ಪಿಸ್ಟನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಒಳಸರಿಯಿತು. ಹೊಸ ಪ್ಯಾಡು ಕೂತಿತು. ಇನ್ನೊಂದು ಚಕ್ರದ ಕೆಲಸವೂ ಮುಗಿಯಿತು. ಕೊನೆಗೆ ಸೊಸೆ ಕಾರಿನಲ್ಲಿ ಕೂತು ಬ್ರೇಕು ತುಳಿದರೆ ಪೆಡಲು ನೆಲಕ್ಕೇ ಹೋಯಿತು. ಅವಳು ಗಾಬರಿಯಾದಳು.

"ಹೆದರ್ಬೇಡ. ಪ್ಯಾಡು ಡಿಸ್ಕಿಗೆ ಹತ್ತಿರ ಬರೋವರೆಗೂ ಹಾಗೇ. ತುಳೀತಾ ಇರು."

ತುಳಿಯುತ್ತ ತುಳಿಯುತ್ತ ಪೆಡಲು ಗಟ್ಟಿಯಾಯಿತು. ಬೀದಿಯ ಇಳಿಜಾರಿನಲ್ಲಿ ನಿಧಾನವಾಗಿ ಎರಡು ಸಲ ಪರೀಕ್ಷಿಸಿದರು. ಕಾರು ನಿಲ್ಲೆಂದಲ್ಲಿ ನಿಂತಿತು. ವಾಪಸು ಬರುವಾಗ ಅತ್ತೆ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಸೋಮವಾರ ಸೊಸೆ ಕಾಲಿಗೆರಗಲು ಬಗ್ಗಿದಾಗ ಅತ್ತೆ ಅರ್ಧದಲ್ಲೇ ಹಿಡಿದೆತ್ತಿ ತಬ್ಬಿಕೊಂಡಳು. ಮದುವೆಗೆ ಮಾತ್ರ ಹೋಗಲಿಲ್ಲ. ಮಂಡಿನೋವೆಂದು ನೆವ ಹೇಳಿದಳು. ಮೊದಮೊದಲು ದಿನಾ ಬರುತ್ತಿದ್ದ ಫೋನು ವಾರಕ್ಕೊಮ್ಮೆಯಾಯಿತು, ಆಮೇಲೆ ಯಾವಾಗಲೋ ಒಮ್ಮೆ. ಸೊಸೆಯ ತಪ್ಪೇನೂ ಇರಲಿಲ್ಲ. ಇಬ್ಬರಿಗೂ ಗೊತ್ತಿದ್ದ ಮನುಷ್ಯನ ವಿಷಯ ಬಿಟ್ಟರೆ ಮಾತಾಡಲು ಏನಿದೆ, ಅದನ್ನಂತೂ ಇಬ್ಬರೂ ಎತ್ತುತ್ತಿರಲಿಲ್ಲ.

ಗಂಡುಮಗು ಹುಟ್ಟಿದ ಸುದ್ದಿ ಬಂದಾಗ ಅತ್ತೆ ತೆಳ್ಳನೆ ಹತ್ತಿಬಟ್ಟೆಯಲ್ಲಿ ಪುಟ್ಟ ಅಂಗಿಗಳನ್ನು ಹೊಲಿದಳು. ಯಾವ ನೆಂಟಸ್ತನ ಹೇಳಿ ಕಳಿಸುವುದೆಂದು ಯೋಚಿಸಿ, ಏನೂ ಬರೆಯದೆ ಕಳಿಸಿಬಿಟ್ಟಳು. ಸೊಸೆ ಫೋಟೊ ಕಳಿಸಿದಳು. ಅಂಗಿ ತೊಟ್ಟ ಮಗು, ಕೆಳಗೆ "ಅಜ್ಜಿ ಹೊಲಿದದ್ದು" ಎಂಬ ಸಾಲು.

ಅತ್ತೆ ಕನ್ನಡಕ ಹಾಕಿಕೊಂಡು ಮಗುವಿನ ಮೂಗು ನೋಡಿದಳು, ಕಿವಿ ನೋಡಿದಳು, ಗಲ್ಲ ನೋಡಿದಳು. ತನ್ನ ಮಗನ ಹೋಲಿಕೆ ಅಲ್ಲಿ ಇರಲು ಸಾಧ್ಯವೇ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹುಡುಕಿದಳು.