ಕಾರಣವಿಲ್ಲದೆ ಓಡಿದವನು

ಇಂಗ್ಲೆಂಡಿನ ದೊರೆಯ ಹಂಗು ಕಳೆದುಕೊಂಡು ದೇಶವೇನೋ ಸ್ವತಂತ್ರವಾಗಿತ್ತು. ಆದರೆ ಮ್ಯಾಸಚೂಸೆಟ್ಸ್‌ನ ಒಂದು ಪಾದ್ರಿ ಕಾಲೇಜಿನಲ್ಲಿ ಕಾಲುಗಳಿಗೆ ಮಾತ್ರ ಬಿಡುಗಡೆಯಿರಲಿಲ್ಲ. ಓಡಬಾರದು, ಹಾರಬಾರದು, ಚೆಂಡನ್ನಂತೂ ಮುಟ್ಟಲೇಬಾರದು. ಪಾದ್ರಿಯಾಗುವವನು ಜಿಗಿದಾಡಿದರೆ ನಾಳೆ ಅವನ ಪ್ರವಚನವನ್ನು ಯಾರು ಕೇಳುತ್ತಾರೆ? ಎಲ್ಲರೂ ಹೀಗೇ ನಂಬಿದ್ದರು. ನಂಬಲಿ ಬಿಡಿ. ಪಾಪ, ಅಲ್ಲಿಗೆ ಓದಲು ಬಂದಿದ್ದ ಲೆಮುಯೆಲ್‌ನ ಮೈಗೆ ಇದು ಒಗ್ಗಲಿಲ್ಲ.

ಚಿಕ್ಕಂದಿನಿಂದ ನೇಗಿಲ ಹಿಂದೆ ನಡೆದ ಹುಡುಗ. ಈಗ ಬೆಳಗಿನ ಪ್ರಾರ್ಥನೆಯಿಂದ ದೀಪ ಆರಿಸುವವರೆಗೂ ಬೆಂಚಿನ ಮೇಲೆ ಕೂತು ಲ್ಯಾಟಿನ್ ಉರು ಹೊಡೆಯಬೇಕು. ನಿದ್ದೆ ಹತ್ತಿರ ಸುಳಿಯದು, ಉಂಡದ್ದು ಅರಗದು. ಗೋಡೆಗಳೇ ಮೈಮೇಲೆ ಬಂದಂತಾಗಿ ಒಂದು ಸಂಜೆ ಕೊಟ್ಟಿಗೆಯ ಹಿಂದಿನ ಹುಲ್ಲುಗಾವಲಿನಲ್ಲಿ ಕೋಟು ಕಳಚಿ ಓಡಿದ. ಬೇಲಿ ಹಾರಿದ. ನಕ್ಕೂಬಿಟ್ಟ. ಆಚೆ ಬದಿಯಲ್ಲಿ ಉಪಾಧ್ಯಾಯರೊಬ್ಬರು ನಿಂತಿದ್ದರು.

ಪ್ರಾಂಶುಪಾಲ ಥ್ಯಾಕ್ಸ್ಟರ್ ಗದರಲಿಲ್ಲ. ಗದರಿದ್ದರೆ ಎಷ್ಟೋ ವಾಸಿಯಿತ್ತು.

“ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರೇನಪ್ಪಾ?”

“ಇಲ್ಲ ಗುರುಗಳೇ. ಸುಮ್ನೆ ಓಡ್ದೆ. ಕೂತು ಕೂತು ಮೈಯೆಲ್ಲ ಜಡ್ಡುಗಟ್ಟಿದೆ.”

“ಸುಮ್ನೆ ಓಡೋದು ಕರು. ನಿಮ್ಮೂರ ಚರ್ಚಿನವರು ನಿನ್ನ ಓದಿಸ್ತಿರೋದು ಕರು ಸಾಕೋಕಲ್ಲ. ಇನ್ನೊಂದು ಸಲ ಓಡಿದ್ರೆ ನೆಟ್ಟಗೆ ಮನೆಗೆ. ನಿಮ್ಮಮ್ಮನಿಗೆ ನೀನೇ ಹೇಳ್ಕೋ.”

ಅಮ್ಮನೋ, ಮಗ ಪಾದ್ರಿಯಾದದ್ದನ್ನು ನೋಡಿಯೇ ಕಣ್ಣು ಮುಚ್ಚುತ್ತೇನೆ ಎಂದು ಹಟ ಹಿಡಿದವಳು. ಮರುದಿನ ಪ್ರಾರ್ಥನಾ ಮಂದಿರದಲ್ಲಿ ಎಲ್ಲರೆದುರು ನಿಂತು, “ನಾನು ಕಾರಣವಿಲ್ಲದೆ ಓಡಿದೆ, ಕ್ಷಮಿಸಿ” ಎಂದು ಲೆಮುಯೆಲ್ ತಪ್ಪೊಪ್ಪಿಕೊಂಡ. ಅವಮಾನದಿಂದ ಕಿವಿ ಕೆಂಪಾಗಿತ್ತು. ಆಮೇಲೆ ಎರಡು ವರ್ಷ ಅವನು ಬೆಂಚು ಬಿಟ್ಟು ಏಳಲಿಲ್ಲವೆಂದೇ ಹೇಳಬೇಕು. ಕೆಮ್ಮು ಎದೆಯಲ್ಲಿ ಮನೆ ಮಾಡಿತು. ವೈದ್ಯರು ಬಂದು ರೋಗ ಇಳಿಯಲೆಂದು ಒಂದು ಬಟ್ಟಲು ರಕ್ತ ಹರಿಸಿ, ಅಲುಗಾಡದೆ ಮಲಗು ಎಂದರು. ಎಂಥ ಮದ್ದು!

ರಜೆಗೆ ಮನೆಗೆ ಬಂದ ದಿನವೇ ಹಸು ಹಗ್ಗ ಕಿತ್ತುಕೊಂಡು ಜೋಳದ ಹೊಲಕ್ಕೆ ನುಗ್ಗಿತು.

“ಓಡೋ ಲೆಮ್, ಹಿಡ್ಕೋ ಅದನ್ನ,” ಎಂದು ಅಪ್ಪ ಕೂಗಿದ.

ಇನ್ನು ಕಾರಣ ಕೇಳುವವರು ಯಾರು? ಲೆಮುಯೆಲ್‌ನ ಜೀವವೆಲ್ಲ ಕಾಲಿಗೆ ಬಂತು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಉಸಿರು ಕಟ್ಟಿತು. ಬಾವಿಕಟ್ಟೆ ಹಿಡಿದು ನಿಂತುಬಿಟ್ಟ.

ಬಾಗಿಲಲ್ಲಿದ್ದ ಅಮ್ಮ ಗಂಡನನ್ನು ತಡೆದಳು. ಅವಳ ಕಣ್ಣು ತುಂಬಿ ಬಂದಿತ್ತು.

“ಅವನನ್ಯಾಕೆ ಓಡಿಸ್ತೀರಿ? ಹೇಗೆ ಗಂಭೀರವಾಗಿ ನಿಂತಿದ್ದಾನೆ ನೋಡಿ. ನಮ್ಮ ಹುಡುಗ ಆಗ್ಲೇ ಪಾದ್ರಿಯಾಗ್ಬಿಟ್ಟ ಕಣ್ರೀ.”

ಅಲ್ಲಮ್ಮಾ ಎನ್ನಲು ಲೆಮುಯೆಲ್ ಬಾಯಿ ತೆರೆದ. ಉಸಿರು ಸಾಲಲಿಲ್ಲ.