ಸತ್ತವರಿಗೂ ಒಂದು ಡಬ್ಬ

ಐಮಂಗಲದಲ್ಲಿ ಅಣ್ಣನ ಮಗನ ಮದುವೆ ಮುಗಿಸಿಕೊಂಡು, ಎರಡು ಬಸ್ಸು ಬದಲಿಸಿ ಶ್ರೀರಾಂಪುರದ ಮನೆಗೆ ಬಂದ ನಿಂಗಕ್ಕ ಇನ್ನೂ ಕಾಲಿಗೆ ನೀರು ಹಾಕಿಕೊಂಡಿರಲಿಲ್ಲ. ನಡುಮನೆಯ ಗೋಡೆ ಹಲಗೆಯ ಕಡೆ ನೋಡಿದವಳೇ ನಿಂತಲ್ಲೇ ನಿಂತುಬಿಟ್ಟಳು. ಮೂವತ್ತು ವರ್ಷದಿಂದ ಅವಳ ತಗಡಿನ ಡಬ್ಬಗಳು ಕೂತಿದ್ದ ಜಾಗದಲ್ಲಿ, ಅಂಗಡಿಯವರು ಪೆಪ್ಪರ್‌ಮೆಂಟು ತುಂಬಿಡುವ ಪ್ಲಾಸ್ಟಿಕ್ ಜಾಡಿಗಳು ಸಾಲಾಗಿ ಕೂತಿದ್ದವು. ಒಂದರಲ್ಲಿ ಕೆಂಪು ಬಟ್ಟೆಯ ತುಂಡುಗಳು, ಇನ್ನೊಂದರಲ್ಲಿ ಹಸಿರು, ಮತ್ತೊಂದರಲ್ಲಿ ನೀಲಿ, ಕೊನೆಯದರಲ್ಲಿ ಹಳದಿ. ಯಾರಾದರೂ ನೋಡಿದರೆ ಚೆಂದ ಎನ್ನಬೇಕು, ಹಾಗೆ ಜೋಡಿಸಿತ್ತು. ನಿಂಗಕ್ಕನಿಗೆ ಮಾತ್ರ ಮನೆಗೆ ಕಳ್ಳ ನುಗ್ಗಿ ಹೋದಂತೆ ಕಂಡಿತು.

"ಯಾರೇ ಇದನ್ನ ಮುಟ್ಟಿದ್ದು?"

ಒಳಗಿನಿಂದ ಯಮುನಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನಿಂಗಕ್ಕನ ಗಂಡ ಬೀರಪ್ಪನ ತಮ್ಮ ಹನುಮೇಶನ ಹೆಂಡತಿ ಇವಳು. ಚಿಕ್ಕಜಾಜೂರಿನ ರೈಲ್ವೆ ಗ್ಯಾಂಗ್‌ಮನ್ನನ ಮಗಳು. ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಈ ವಾರಗಿತ್ತಿಯರಿಬ್ಬರೂ ನೆಟ್ಟಗೆ ಮಾತಾಡಿದ ದಿನಗಳನ್ನು ಕೈಬೆರಳಲ್ಲಿ ಎಣಿಸಬಹುದಿತ್ತು.

"ನಾನೇ ಕಣಕ್ಕ. ಡಬ್ಬದಾಗೆ ಇಲಿ ಮರಿ ಹಾಕಿತ್ತು. ಮನ್ಯಾಗೆ ಬಾಣಂತಿ ಅವಳೆ, ಹಸುಗೂಸು ಐತೆ. ಎಲ್ಲಾ ಬಟ್ಟೆ ಬಿಸಿನೀರಾಗೆ ಒಗ್ದು, ಒಣಗ್ಸಿ, ಬಣ್ಣ ಬೇರೆ ಮಾಡಿ ಇಟ್ಟೀನಿ. ಈಗ ಏನು ಬೇಕಾದ್ರೂ ಹೊರಗಿಂದ್ಲೇ ಕಾಣ್ತೈತೆ."

"ಡಬ್ಬ ಎಲ್ಲಿ?"

"ತುಕ್ಕು ಹಿಡ್ದಿದ್ವು. ಗುಜರಿಯೋನಿಗೆ ಹಾಕ್ದೆ. ಎರಡು ಕೇಜಿ ಈರುಳ್ಳಿ ಕೊಟ್ಟ."

ಈರುಳ್ಳಿ ಬುಟ್ಟಿ ಬಾಗಿಲ ಪಕ್ಕದಲ್ಲೇ ಇತ್ತು. ನಿಂಗಕ್ಕ ಅದನ್ನು ಎತ್ತಿ ಬೀದಿಗೆ ಎಸೆದಳು. ಎದುರು ಮನೆಯ ಮೇಕೆಗಳು ಓಡಿ ಬಂದವು.

ಅವಳ ಸಿಟ್ಟಿಗೆ ಕಾರಣವಿತ್ತು. ನಿಂಗಕ್ಕ ಓದಿದವಳಲ್ಲ, ಡಬ್ಬದ ಮೇಲೆ ಹೆಸರು ಬರೆದಿಡುವವಳೂ ಅಲ್ಲ. ಅವಳಿಗೆ ಡಬ್ಬವೇ ಹೆಸರು. ಕೌದಿ ಹೊಲಿಯಲು ಅವಳು ಮನೆಯವರ ಹಳೇ ಬಟ್ಟೆಗಳನ್ನು ನಾಲ್ಕು ಬೆರಳಗಲದ ಚೌಕಗಳಾಗಿ ಕತ್ತರಿಸಿ, ಯಾರದು ಯಾರದಕ್ಕೂ ಸೇರದಂತೆ ಬೇರೆ ಬೇರೆ ಇಡುತ್ತಿದ್ದಳು. ಬದುಕಿದವರ ಬಟ್ಟೆ ಸತ್ತವರ ಬಟ್ಟೆಗೆ ತಾಗಬಾರದು. ಸತ್ತವರ ಬಟ್ಟೆ ದೊಡ್ಡವರ ಕೌದಿಗೆ ನಡೆಯುತ್ತದೆ, ಮಗುವಿನ ಕೌದಿಗೆ ಒಂದೆಳೆಯೂ ಸೇರಬಾರದು. ಇನ್ನೊಂದು ಕಟ್ಟಳೆಯೂ ಆ ಮನೆಯಲ್ಲಿತ್ತು. ಮಗಳ ಚೊಚ್ಚಲ ಮಗು ತೊಟ್ಟಿಲಲ್ಲಿ ಮೊದಲು ಮಲಗುವುದು ತಾಯಿಯ ತಾಯಿ ಹೊಲಿದ ಕೌದಿಯ ಮೇಲೆ. ಆ ಕೌದಿಯ ನಡುಮಧ್ಯಕ್ಕೆ ತಾಯಿ ಚಿಕ್ಕಂದಿನಲ್ಲಿ ಉಟ್ಟ ಬಟ್ಟೆಯ ತುಂಡು ಬೀಳಬೇಕು. ಅದಿಲ್ಲದಿದ್ದರೆ ಕೌದಿ ಮುಗಿದಂತೆ ಲೆಕ್ಕವಿಲ್ಲ.

ನಿಂಗಕ್ಕನ ಮಗಳು ಕಾವ್ಯಶ್ರೀ ಬಾಣಂತನಕ್ಕೆ ಬಂದು ಒಳಕೋಣೆಯಲ್ಲಿ ಮಲಗಿದ್ದಳು. ಮುಂದಿನ ಸೋಮವಾರ ಮಗುವನ್ನು ತೊಟ್ಟಿಲಿಗೆ ಹಾಕುವುದೆಂದು ನಿಶ್ಚಯವಾಗಿತ್ತು. ಅವತ್ತು ಬುಧವಾರ. ಕೌದಿಯ ಸುತ್ತಲಿನ ಕೆಲಸವೆಲ್ಲ ಆಗಿ, ನಡುವಿನ ಚೌಕವೊಂದು ಬಾಕಿ ಉಳಿದಿತ್ತು.

"ಹಾಲಿನ ಪುಡಿ ಡಬ್ಬ ನನ್ನ ಮಗಳು ಕಾವ್ಯಂದು!" ನಿಂಗಕ್ಕ ಬೀದಿಗೆ ಕೇಳುವಂತೆ ಕೂಗಿದಳು. "ಎಣ್ಣೆ ಡಬ್ಬ ನನ್ನ ಗಂಡಂದು. ಕಾಫಿಪುಡಿ ಡಬ್ಬ ನಿನ್ನ ಗಂಡಂದು. ಪೇಂಟಿನ ಬಕೀಟು ಸತ್ತೋದ ನಮ್ಮತ್ತೆ ಉಚ್ಚಂಗಮ್ಮಂದು. ಬಿಸ್ಕತ್ತಿನ ಡಬ್ಬ ನನ್ನ ಹಿರೇಮಗಳು ನಾಗಶ್ರೀದು. ಸತ್ತ ಕೂಸಿನ ಬಟ್ಟೆನ ಹುಟ್ಟಿದ ಕೂಸಿನ ಬಟ್ಟೆಗೆ ಬೆರೆಸಿಟ್ಟೀಯಲ್ಲೇ, ನಿನ್ನ ಕೈ ಸೇದೋಗ!"

ಯಮುನಾ ಎಲ್ಲವನ್ನೂ ಕೊನೆಯವರೆಗೆ ಕೇಳಿಸಿಕೊಂಡಳು. ಅವಳ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಬಿಗಿಯಿತು.

"ಯಾವ ಡಬ್ಬ ಯಾರ್ದು ಅಂತ ನನಿಗೆ ಯಾವತ್ತಾದ್ರೂ ಹೇಳೀಯಾ? ಹತ್ರ ಬಂದ್ರೆ ಹಾವು ಕಂಡಂಗೆ ಓಡಿಸ್ತಿದ್ದೆ. ಇರ್ಲಿ. ಈಗ ಎಲ್ಲರದ್ದೂ ಹೇಳಿದೆ. ನಂದು ಯಾವ್ದಕ್ಕ?"

ನಿಂಗಕ್ಕ ಜಾಡಿಗಳ ಕಡೆ ತಿರುಗಿದಳು. ಯಮುನಾ ಬಿಡಲಿಲ್ಲ.

"ಸತ್ತೋರಿಗೂ ಒಂದು ಡಬ್ಬ ಐತೆ ಈ ಮನ್ಯಾಗೆ. ಇಪ್ಪತ್ತು ವರ್ಷದಿಂದ ಮುದ್ದೆ ಕಟ್ಟಿ ಹಾಕಿದೋಳಿಗೆ ಒಂದು ಉಪ್ಪಿನಕಾಯಿ ಜಾಡಿನೂ ಇಲ್ಲ. ನನ್ನ ಹಳೇ ಸೀರೆ ಎಲ್ಲಿಗೆ ಹೋದ್ವು? ಕೊಟ್ಟಿಗೆ ಒರೆಸಾಕೆ."

"ಬಂಜೆ ಬಟ್ಟೆ ಕೌದಿಗೆ ಹಾಕ್ತಾರೇನೇ?" ಎಂದಳು ನಿಂಗಕ್ಕ. ಮಾತು ಬಾಯಿಂದ ಬಿದ್ದಾಗಿತ್ತು. ಬಿದ್ದ ಮಾತನ್ನು ಎತ್ತಿಕೊಳ್ಳುವ ಅಭ್ಯಾಸ ಅವಳಿಗೆ ಇರಲಿಲ್ಲ. ಯಮುನಾ ಬಾಣಂತಿಗೆ ನೀರು ಕಾಯಿಸಲು ಒಳಗೆ ಹೋದಳು.

ಅವತ್ತಿನಿಂದ ಒಂದು ಮನೆಯಲ್ಲಿ ಎರಡು ಒಲೆ ಹೊತ್ತಿತು. ಯಮುನಾ ಮಾಡಿದ ಮುದ್ದೆಯನ್ನು ನಿಂಗಕ್ಕ ಮುಟ್ಟಲಿಲ್ಲ. ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ತಾನೇ ಬೇಯಿಸಿಕೊಂಡಳು. ಯಮುನಾ ಬೆಳಗ್ಗೆ ಎದ್ದರೆ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಳು. ನಿಂಗಕ್ಕ ಅವಳ ಕೊಡವನ್ನು ನಲ್ಲಿಯ ಕೆಳಗಿನಿಂದ ಕಾಲಲ್ಲಿ ಸರಿಸಿ ತನ್ನದು ಇಡುತ್ತಿದ್ದಳು. ಬೀರಪ್ಪ ಕುರಿಹಟ್ಟಿಯಿಂದ ಊಟಕ್ಕೆ ಬಂದವನು, ಯಾವ ಒಲೆಯ ಮುಂದೆ ಕೂತರೂ ಬೈಗುಳ ತಪ್ಪದೆಂದು ತಿಳಿದು ಜಗಲಿಯಲ್ಲೇ ಉಂಡು ಏಳುತ್ತಿದ್ದ.

ನಿಂಗಕ್ಕ ಚಾಪೆ ಹಾಸಿ ಜಾಡಿಗಳನ್ನೆಲ್ಲ ಸುರಿದುಕೊಂಡು ಕೂತಳು. ಬಣ್ಣ ನೋಡಿ ಬೇರೆ ಮಾಡಿದ್ದನ್ನು ಅವಳು ಮತ್ತೆ ಮನುಷ್ಯರಾಗಿ ಬೇರೆ ಮಾಡಬೇಕಿತ್ತು. ಬೀರಪ್ಪನ ದಪ್ಪ ಪಂಚೆ ಬೆರಳಿಗೆ ತಾಗಿದೊಡನೆ ಗೊತ್ತಾಯಿತು. ಅತ್ತೆಯ ಇಳಕಲ್ಲು ಸೀರೆಯ ಅಂಚು ತಾನೇ ಹೇಳಿಕೊಂಡಿತು. ಹನುಮೇಶನ ಅಂಗಿಗೆ ಬೀಡಿ ಕಿಡಿ ಸಿಡಿದ ತೂತುಗಳಿದ್ದವು. ನಾಗಶ್ರೀಯ ಲಂಗ, ಕುಲಾವಿ, ಫ್ರಾಕುಗಳನ್ನು ಅವಳು ಕಣ್ಣು ಮುಚ್ಚಿ ಆರಿಸಿದಳು. ಗುರುವಾರ ಸಂಜೆಗೆ ಉಳಿದದ್ದು ಒಂಬತ್ತು ಹಳದಿ ಚೌಕಗಳು.

ಹಳದಿಯ ಮೇಲೆ ಸಣ್ಣ ಬಿಳಿ ಹೂವಿದ್ದ ಬಟ್ಟೆ ಅದು. ಗೌರಿ ಹಬ್ಬಕ್ಕೆಂದು ಹೊಸದುರ್ಗದ ಅಂಗಡಿಯಲ್ಲಿ ಒಂದೇ ಬಟ್ಟೆ ಥಾನಿನಿಂದ ಹರಿಸಿ, ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ಥರದ ಫ್ರಾಕು ಹೊಲಿಸಿದ್ದಳು. ಆಗ ನಾಗಶ್ರೀಗೆ ಏಳು ವರ್ಷ, ಕಾವ್ಯಶ್ರೀಗೆ ಐದು. ಆ ವರ್ಷವೇ ನಾಗಶ್ರೀ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಆಮೇಲೆ ಎರಡು ಫ್ರಾಕನ್ನೂ ಕತ್ತರಿಸಿದವಳು ನಿಂಗಕ್ಕನೇ. ಒಂದು ಬಿಸ್ಕತ್ತಿನ ಡಬ್ಬಕ್ಕೆ, ಇನ್ನೊಂದು ಹಾಲಿನ ಪುಡಿ ಡಬ್ಬಕ್ಕೆ. ಎರಡಕ್ಕೂ ಇದ್ದ ಗುರುತು ಆ ಡಬ್ಬಗಳಷ್ಟೇ.

ಅವಳು ಚೌಕಗಳನ್ನು ಬಿಸಿಲಿಗೆ ಹಿಡಿದು ನೋಡಿದಳು. ಮೂಸಿದಳು. ಸೋಪಿನ ಪುಡಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಬಿಸ್ಕತ್ತಿನ ಡಬ್ಬ ತೆರೆದಾಗಲೆಲ್ಲ ಬರುತ್ತಿದ್ದ ಆ ಹಳೇ ಸಿಹಿ ವಾಸನೆಯನ್ನೇ ಅವಳು ಮಗಳ ವಾಸನೆಯೆಂದು ಇಪ್ಪತ್ತು ವರ್ಷ ನಂಬಿಕೊಂಡು ಬಂದಿದ್ದಳು. ಅದೂ ಗುಜರಿಗೆ ಹೋಗಿತ್ತು. ನಿಂಗಕ್ಕ ತಲೆಗೆ ಸೆರಗು ಹಾಕಿಕೊಂಡು ಅತ್ತಳು, ಅಳುತ್ತಲೇ ಯಮುನಾಳಿಗೆ ಹಿಡಿ ಶಾಪ ಹಾಕಿದಳು.

ಜಗಲಿಯಲ್ಲಿ ಕೂತಿದ್ದ ಬೀರಪ್ಪ ತಡೆಯಲಾರದೆ, "ಲೇ, ಕಾವ್ಯಂದು ಬೇರೆ ಯಾವ್ದಾದ್ರೂ ಹಳೇ ಬಟ್ಟೆ ಹಾಕು. ಹಳದಿನೇ ಆಗ್ಬೇಕು ಅಂತ ಯಾವ ದೇವ್ರು ಹೇಳೈತೆ?" ಎಂದ.

ಗಂಡನ ಮಾತು ಒಪ್ಪುವುದು ಅವಳ ಜಾಯಮಾನವಲ್ಲ. ಆದರೂ ಹುಡುಕಿದಳು. ಕಾವ್ಯಶ್ರೀ ಕಾಲೇಜಿಗೆ ಹಾಕಿಕೊಂಡು ಹೋಗುತ್ತಿದ್ದ ಚೂಡಿದಾರದ ತುಂಡುಗಳು ಸಿಕ್ಕವು. ಹೈಸ್ಕೂಲಿನ ನೀಲಿ ಲಂಗ ಸಿಕ್ಕಿತು. ಅವು ದೊಡ್ಡ ಹುಡುಗಿಯ ಬಟ್ಟೆ, ನಡುವಿಗೆ ಬರುವುದಿಲ್ಲ. ಚಿಕ್ಕ ಹುಡುಗಿಯದು ಬೇರೆ ಒಂದೂ ಇರಲಿಲ್ಲ; ಐದು ವರ್ಷದವರೆಗೆ ಅವಳು ಅಕ್ಕನಿಗೆ ಚಿಕ್ಕದಾದದ್ದನ್ನೇ ಹಾಕಿಕೊಂಡವಳು, ಅವೆಲ್ಲ ಬಿಸ್ಕತ್ತಿನ ಡಬ್ಬಕ್ಕೇ ಹೋಗಿದ್ದವು. ಶುಕ್ರವಾರವಿಡೀ ಹುಡುಕಿದರೂ ಸಿಗಲಿಲ್ಲ. ಸತ್ತ ಮಗಳದು ಹನ್ನೊಂದು ಬಗೆಯ ಬಟ್ಟೆ ಚಾಪೆಯ ಮೇಲೆ ಗುಡ್ಡೆಯಾಗಿ ಬಿದ್ದಿದ್ದವು. ಬದುಕಿದ ಮಗಳು ಆರನೇ ವಯಸ್ಸಿನಲ್ಲಿ, ಏಳನೆಯದರಲ್ಲಿ, ಎಂಟನೆಯದರಲ್ಲಿ ಮೈಮೇಲೆ ಏನು ಹಾಕಿಕೊಂಡಿದ್ದಳು ಎಂಬುದೇ ನಿಂಗಕ್ಕನಿಗೆ ನೆನಪಾಗಲಿಲ್ಲ. ಅವಳಿಗೆ ಹೆದರಿಕೆಯಾಯಿತು.

ಶನಿವಾರ ಬೆಳಗ್ಗೆ ಮಗಳ ಮಂಚದ ಹತ್ತಿರ ಹೋಗಿ, ಯಾವುದೋ ಮಾತಿನ ನಡುವೆ ಕೇಳುವವಳಂತೆ ಕೇಳಿದಳು. "ಕಾವ್ಯ, ನೀನು ಚಿಕ್ಕೋಳಿದ್ದಾಗ ಸ್ಕೂಲಿಗೆ ಹಾಕ್ಕಂಡು ಹೋಗ್ತಿದ್ದ ಫ್ರಾಕು ಎಲ್ಲಿ ಹೋದ್ವೇ?"

ಕಿವಿಗೆ ಬಟ್ಟೆ ಕಟ್ಟಿಕೊಂಡು ಮಗುವಿಗೆ ಹಾಲು ಕೊಡುತ್ತಿದ್ದ ಕಾವ್ಯಶ್ರೀ ತಲೆ ಎತ್ತಲಿಲ್ಲ. "ನನ್ನನ್ನ ಕೇಳ್ತೀಯಾ ಅವ್ವ? ನಿನಿಗೆ ಗೊತ್ತಿಲ್ಲೇನು?"

"ಗೊತ್ತಿದ್ರೆ ಯಾಕೆ ಕೇಳಲಿ?"

"ಅವೆಲ್ಲ ಯಮುನಾ ಚಿಗವ್ವನ ಸೀರೆ. ಅಕ್ಕ ಸತ್ಮೇಲೆ ನೀನು ಆ ಡಬ್ಬ ಮಡಿಲಾಗೆ ಇಟ್ಕಂಡು ಕುಂತುಬಿಟ್ಟೆ. ನನಿಗೆ ತಲೆ ಬಾಚ್ದೋಳೂ ಚಿಗವ್ವನೇ, ಬಟ್ಟೆ ಹೊಲಿಸ್ದೋಳೂ ಚಿಗವ್ವನೇ. ತವರಿಂದ ತಂದಿದ್ದ ಸೀರೆನ ಒಂದೊಂದಾಗಿ ಹರ್ದು ಫ್ರಾಕು ಮಾಡಿಸ್ತಿದ್ಲು. ಚಿಕ್ಕದಾದ್ಮೇಲೆ ನೀನೇ ಅವನ್ನ ಕೊಟ್ಟಿಗೆಗೆ ಹಾಕ್ದೆ. ಬಂಜೆ ಬಟ್ಟೆ ಅಂದೆ. ನಾನು ಬಾಗ್ಲಾಗೇ ನಿಂತಿದ್ದೆ."

ಮಗಳು ಇನ್ನೊಂದು ಮಾತು ಸೇರಿಸಿದಳು. "ಹಸಿರು ಸೀರೆ ಒಂದು ಅರ್ಧ ಉಳ್ದೈತೆ. ಅವಳ ಟ್ರಂಕಿನಾಗೆ. ನನ್ನ ಒಂದನೇ ಕ್ಲಾಸಿನ ಫ್ರಾಕು ಅದರದ್ದೇ."

ಆ ರಾತ್ರಿಯೆಲ್ಲ ನಿಂಗಕ್ಕನ ತಲೆಯಲ್ಲಿ ಜಗಳವೇ ಜಗಳ. ಯಮುನಾ ಮೇಲಿನ ದ್ವೇಷ ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ. ನಿಜ ಹೇಳಬೇಕೆಂದರೆ ಹೆಚ್ಚಾಗಿತ್ತು. ಡಬ್ಬ ಹಾಳು ಮಾಡಿದ್ದಕ್ಕಿಂತ, ತನ್ನ ಮಗಳನ್ನು ತನ್ನ ಕಣ್ಣೆದುರಿಗೇ ಸಾಕಿಬಿಟ್ಟಿದ್ದಳಲ್ಲ ಎಂಬುದು ಅವಳಿಗೆ ಸುಡುತ್ತಿತ್ತು. ಆದರೆ ಸೋಮವಾರ ಊರ ಹೆಂಗಸರು ಬರುತ್ತಾರೆ, ಕೌದಿ ಎಲ್ಲಿ ಎನ್ನುತ್ತಾರೆ. ಮೊಮ್ಮಗಳು ತನ್ನ ಕೈಯ ಹೊಲಿಗೆಯ ಮೇಲೆ ಮಲಗದಿದ್ದರೆ ತಾನು ಅಜ್ಜಿಯಾಗಿ ಏನು ಮಾಡಿದಂತಾಯಿತು? ಬೆಳಕು ಹರಿಯುವ ಹೊತ್ತಿಗೆ ಅವಳು ಮರ್ಯಾದೆಯನ್ನು ನುಂಗಿಕೊಂಡಿದ್ದಳು.

ಯಮುನಾ ಹಿತ್ತಿಲಲ್ಲಿ ಮಗುವಿನ ಬಟ್ಟೆ ಹಿಂಡುತ್ತಿದ್ದಳು.

"ಯಮುನಾ," ಎಂದಳು ನಿಂಗಕ್ಕ. ನಾಲ್ಕು ದಿನದಲ್ಲಿ ಅವಳ ಬಾಯಲ್ಲಿ ಈ ಹೆಸರು ಬಂದದ್ದು ಅದೇ ಮೊದಲು. "ನಿನ್ನ ಹಸಿರು ಸೀರೆಯಾಗೆ ಒಂದು ತುಂಡು ಬೇಕು. ನಾಲ್ಕು ಬೆರಳಗಲ ಸಾಕು."

ಯಮುನಾ ಬಟ್ಟೆ ಕೊಡವಿ ಹಗ್ಗದ ಮೇಲೆ ಹಾಕಿದಳು. "ಬಂಜೆ ಬಟ್ಟೆ ಕೌದಿಗೆ ಆಗ್ತೈತಾ?"

"ಅವತ್ತು ಸಿಟ್ಟಿನಾಗೆ ಅಂದೆ. ತಪ್ಪಾತು."

"ತಪ್ಪಾತು ಅಂತ ನನಿಗೆ ಹೇಳ್ತಿದೀಯೋ, ಸೀರೆಗೆ ಹೇಳ್ತಿದೀಯೋ?"

ಯಮುನಾ ಒದ್ದೆ ಕೈಯನ್ನು ಸೊಂಟಕ್ಕೆ ಕೊಟ್ಟು ತಿರುಗಿ ನಿಂತಳು. "ಒಂದೇ ಮಾತು ಕೇಳ್ತೀನಿ, ಸುಳ್ಳು ಹೇಳಬ್ಯಾಡ. ಈ ತುಂಡು ಬೇಕಾಗದೇ ಇದ್ದಿದ್ರೆ ನನ್ನ ಹತ್ರ ಬಂದು ತಪ್ಪಾತು ಅಂತಿದ್ಯಾ?"

ನಿಂಗಕ್ಕನಲ್ಲಿ ನೂರು ಕೆಟ್ಟ ಗುಣಗಳಿದ್ದವು. ಕೇಳಿದ್ದಕ್ಕೆ ಸುಳ್ಳು ಹೇಳುವುದು ಮಾತ್ರ ಅವುಗಳಲ್ಲಿ ಇರಲಿಲ್ಲ.

"ಇಲ್ಲ," ಎಂದಳು.

"ಹಂಗಾರೆ ಹೋಗು. ಕತ್ತರಿಸಾಕೆ ಕೊಡಲ್ಲ. ನನ್ನ ಬಟ್ಟೆ ಇನ್ಮೇಲೆ ನಿನ್ನ ಕತ್ತರಿಗೆ ಸಿಗಲ್ಲ."

ಸೋಮವಾರ ನಡುಮನೆ ತುಂಬ ಹೆಂಗಸರು. ತೊಟ್ಟಿಲಿಗೆ ಹೂ ಕಟ್ಟಿ, ಕಡಲೆ ಗುಗ್ಗರಿ ಹಂಚಿ ಆಗಿತ್ತು. ಕಾವ್ಯಶ್ರೀ ಮಗುವನ್ನೆತ್ತಿಕೊಂಡು ಬಂದು ತೊಟ್ಟಿಲ ಪಕ್ಕ ನಿಂತಳು. "ಚಿಗವ್ವ, ಕೊಡು," ಎಂದಳು. ಯಮುನಾ ಟ್ರಂಕಿನಿಂದ ತೆಗೆದ ಹಸಿರು ಸೀರೆಯ ಅರ್ಧವನ್ನು ನಾಲ್ಕು ಮಡಿಕೆ ಮಾಡಿ ತೊಟ್ಟಿಲಲ್ಲಿ ಹಾಸಿದಳು. ಕಾವ್ಯಶ್ರೀ ಮಗುವನ್ನು ಅದರ ಮೇಲೆ ಮಲಗಿಸಿದಳು. ಮಗು ಒಂದು ಸಲ ಕೈಕಾಲು ಆಡಿಸಿ ಸುಮ್ಮನಾಯಿತು.

ನಿಂಗಕ್ಕ ಗೋಡೆಗೆ ಒರಗಿ, ಮಡಿಚಿದ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎದುರು ಮನೆಯ ಮುದುಕಿ ಬಗ್ಗಿ ತೊಟ್ಟಿಲೊಳಗೆ ನೋಡಿದಳು. "ಇದೇನೇ ನಿಂಗಿ, ಕೌದಿ ಹಾಸ್ಲಿಲ್ವೇ? ಊರೋರ್ಗೆಲ್ಲ ಹೊಲ್ದು ಕೊಡೋಳು ನೀನು, ಸ್ವಂತ ಮೊಮ್ಮಗಳಿಗೆ ಇಲ್ವಾ?"

ಹೆಂಗಸರೆಲ್ಲ ತಿರುಗಿ ನೋಡಿದರು. ಯಮುನಾ ಕೂಡ ನೋಡಿದಳು. ತನ್ನ ಮೇಲೆ ದೂರು ಬರುತ್ತದೆಂದು ಅವಳು ಕಾದಿದ್ದಳು. ನಿಂಗಕ್ಕನ ನಾಲಿಗೆಯ ತುದಿಗೆ ಆ ದೂರು ಬಂದೂ ಇತ್ತು. ಡಬ್ಬ, ಗುಜರಿ, ಈರುಳ್ಳಿ ಎಲ್ಲವೂ ಬಂದಿತ್ತು. ಅವಳು ಕೌದಿಯನ್ನು ಬಿಚ್ಚಿ ಎಲ್ಲರೆದುರು ಹರಡಿದಳು. ಸುತ್ತಲೂ ಬಣ್ಣದ ಚೌಕಗಳು, ನಡುವೆ ಅಂಗೈಯಗಲದ ತೂತು.

"ನಡುವಿಗೆ ತಾಯಿ ಬಟ್ಟೆ ಹಾಕ್ಬೇಕಲ್ಲ," ಎಂದಳು ನಿಂಗಕ್ಕ. "ಕಾವ್ಯ ಚಿಕ್ಕೋಳಿದ್ದಾಗ ನಾನು ಉಡಿಸ್ದ ಬಟ್ಟೆ ನನ್ನ ಹತ್ರ ಒಂದೂ ಇಲ್ಲ."

ಯಾರೋ ಜೋಗುಳ ಎತ್ತಿಕೊಂಡರು, ಯಮುನಾ ತೊಟ್ಟಿಲ ಹಗ್ಗ ಹಿಡಿದು ತೂಗತೊಡಗಿದಳು.